ಹೆಣ್ಣಿನ ತಲೆ (ಫರ್ನಾಂಡ್)

ಹೆಣ್ಣಿನ ತಲೆ (ಫರ್ನಾಂಡ್): ಪಾಬ್ಲೊ ಪಿಕಾಸೊ 1909ರ ಶರತ್ಕಾಲದಲ್ಲಿ ಪ್ಯಾರಿಸಿನಲ್ಲಿ ರೂಪಿಸಿದ ಮುಖಶಿಲ್ಪ, ಮರುವರ್ಷದಿಂದ ಕಂಚಿನಲ್ಲಿ ಎರಕಗೊಂಡಿತು. ಎತ್ತರ ಸುಮಾರು 41 ಸೆಂ.ಮೀ. ಆಕಾರವನ್ನು ಒಡೆದು ಮರುಜೋಡಿಸುವ, ಚಿತ್ರಪಟದಲ್ಲಿ ಹುಟ್ಟಿದ ಕ್ಯೂಬಿಸಂ ಶೈಲಿ ಶಿಲ್ಪಕ್ಕೆ ಇಳಿದ ಮೊದಲ ಮುಖ್ಯ ಕೃತಿಯೆಂದು ಇದನ್ನು ಗಣಿಸುವುದುಂಟು. ಇದರ ಹಲವು ಪ್ರತಿಗಳಲ್ಲಿ ದೊಡ್ಡ ಕಥೆಯುಳ್ಳದ್ದು ಅಮೆರಿಕದ ಷಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ.

ಶಿಲ್ಪಕ್ಕೆ ಮುಖ ಕೊಟ್ಟವಳು ಫರ್ನಾಂಡ್ ಒಲಿವಿಯೆ (1881–1966). ಹುಟ್ಟು ಹೆಸರು ಅಮೆಲಿ ಲಾಂಗ್. ಕಲಾವಿದರಿಗೆ ಮಾಡೆಲ್ ಆಗಿ ದುಡಿಯುತ್ತಿದ್ದ ಈಕೆಗೆ 1904ರಲ್ಲಿ ಪಿಕಾಸೊನ ಪರಿಚಯವಾಯಿತು. 1912ರವರೆಗೆ ಅವನ ಸಂಗಾತಿಯಾಗಿದ್ದಳು. 1909ರ ಬೇಸಿಗೆಯನ್ನು ಇಬ್ಬರೂ ಸ್ಪೇನಿನ ಕ್ಯಾಟಲೋನಿಯಾದ ಹೊರ್ತಾ ಎಂಬ ಬೆಟ್ಟದೂರಿನಲ್ಲಿ ಕಳೆದರು. ಫರ್ನಾಂಡಳಿಗೆ ಅಲ್ಲಿ ಆರೋಗ್ಯ ಸರಿಯಿರಲಿಲ್ಲ. ಪಿಕಾಸೊ ಮಾತ್ರ ಬಿಡುವಿಲ್ಲದೆ ಅವಳ ಮುಖ ಬರೆದ. ಪೆಟ್ಟಿಗೆ ಜೋಡಿಸಿಟ್ಟಂಥ ಊರ ಮನೆಗಳು, ಹಿಂದಿನ ಬಂಡೆಗುಡ್ಡ, ಅವಳ ಹಣೆ ಮತ್ತು ಕೆನ್ನೆ ಎಲ್ಲವೂ ಅವನ ಕುಂಚದಲ್ಲಿ ಒಂದೇ ಬಗೆಯ ಅಂಚು ಪಡೆದವು. ಸೆಪ್ಟೆಂಬರಿನಲ್ಲಿ ಪ್ಯಾರಿಸಿಗೆ ಮರಳಿದ ಮೇಲೆ, ಪಟದ ಮೇಲೆ ಅಷ್ಟೊಂದು ಬಾರಿ ಒಡೆದು ಕಟ್ಟಿದ್ದ ಅದೇ ಮುಖವನ್ನು ಆತ ಜೇಡಿಮಣ್ಣಿನಲ್ಲಿ ಹಿಡಿಯಲು ಕುಳಿತ.

ಈ ತಲೆಯ ಸುತ್ತ ಒಂದು ಸುತ್ತು ಬರಬೇಕು. ಎದುರಿನಿಂದ ನೋಡಿದಾಗ ಕಾಣುವುದು ಇಳಿದ ರೆಪ್ಪೆ, ಬಿಗಿದ ತುಟಿ, ಚೂಪಾದ ಕೆನ್ನೆಮೂಳೆ. ಏನನ್ನೋ ಒಳಗೇ ನುಂಗಿಕೊಂಡ ಹೆಂಗಸು. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮುಖ ಹಿಂದೆ ಸರಿದು ಕೂದಲು ಮುಂದೆ ಬರುತ್ತದೆ. ಮೇಲೆತ್ತಿ ಕಟ್ಟಿದ ಆ ತುರುಬಿನಲ್ಲಿ ಎಳೆಗಳಿಲ್ಲ; ಉತ್ತ ಹೊಲದ ಹೆಂಟೆಗಳಂತೆ ಉಬ್ಬು ತಗ್ಗುಗಳು ಒಂದರ ಮೇಲೊಂದು ಬಿದ್ದಿವೆ. ತಲೆ ತುಸು ವಾಲಿದೆ. ಆ ವಾಲುವಿಕೆಯನ್ನು ಹೊರುವ ಕತ್ತು, ನನ್ನ ಮಟ್ಟಿಗೆ, ಈ ಕೃತಿಯ ಅತ್ಯಂತ ದಿಟ್ಟ ಭಾಗ. ಒಳಗಿನ ನರ ಸ್ನಾಯುಗಳು ಹೊರಗೆ ಬಂದು ಓರೆಯಾದ ಹಲಗೆಗಳಾಗಿ, ತಿರುಚಿಕೊಂಡು ಮೇಲೇರುತ್ತವೆ. ಇಲ್ಲಿ ಚರ್ಮವೆಂಬುದಿಲ್ಲ, ನೆಳಲು ಬೆಳಕಿನ ಮಡಿಕೆಗಳಷ್ಟೇ ಇವೆ. ದೀಪದ ಜಾಗ ಬದಲಾದರೆ ಮುಖದ ಭಾವವೂ ಬದಲಾಗುತ್ತದೆ.

ಪಿಕಾಸೊ 1906ರಲ್ಲೂ ಫರ್ನಾಂಡಳ ತಲೆಯೊಂದನ್ನು ಮಾಡಿದ್ದ. ಅದು ನಯವಾದ ಮೃದು ಮುಖ. ಕೂದಲು ಕೆನ್ನೆಯೊಳಗೆ ಕರಗಿದಂತಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮೂರು ವರ್ಷಗಳ ದೂರ ಒಂದೇ ನೋಟಕ್ಕೆ ತಿಳಿಯುತ್ತದೆ.

ಪಿಕಾಸೊ ಶಿಲ್ಪಿಯಾಗಿ ಕ್ರಮವಾದ ತರಬೇತಿ ಪಡೆದವನಲ್ಲ. ಗೆಳೆಯ ಹುಲಿಯೊ ಗೊನ್ಸಾಲೆಸ್‌ನ ಕಾರ್ಯಾಗಾರದಲ್ಲಿ ಮಣ್ಣಿನ ಕೆಲಸ ನಡೆಯಿತೆನ್ನುತ್ತಾರೆ. ಮಣ್ಣಿನ ರೂಪದಿಂದ ಪ್ಲಾಸ್ಟರ್ ಅಚ್ಚು ತೆಗೆದ ಮೇಲೂ ಆತ ಸುಮ್ಮನಾಗಲಿಲ್ಲ. ಒಣಗಿದ ಪ್ಲಾಸ್ಟರಿನ ಮೇಲೆ ಹರಿತವಾದ ಅಲಗು ಆಡಿಸಿ ಅಂಚುಗಳನ್ನು ಕಡಿದಾಗಿಸಿದ. ಕಂಚಿನಲ್ಲಿ ಕಾಣುವ ಆ ಖಚಿತತೆ ಬಂದದ್ದು ಬೆರಳಿನ ಒತ್ತಿಗಿಂತ ಹೆಚ್ಚಾಗಿ ಈ ಕೊಯ್ತದಿಂದ.

1910ರಲ್ಲಿ ಕಲಾವ್ಯಾಪಾರಿ ಆಂಬ್ರ್ವಾಜ್ ವೊಲಾರ್ ಇದನ್ನು ಕೊಂಡು ಕಂಚಿನಲ್ಲಿ ಎರಕ ಹೊಯ್ಯಿಸತೊಡಗಿದ. ಗಿರಾಕಿ ಬಂದಾಗ ಒಂದೊಂದು ಪ್ರತಿ ಮಾಡಿಸುವುದು ಅವನ ರೂಢಿ, ಸಂಖ್ಯೆ ಕೊರೆಯಿಸುತ್ತಿರಲಿಲ್ಲ. ವೊಲಾರ್ ಕಾಲದ ಪ್ರತಿಗಳು ಸುಮಾರು 20 ಎಂಬುದು ಅಂದಾಜು. 1960ರಲ್ಲಿ ಪಿಕಾಸೊನ ಒಪ್ಪಿಗೆಯಿಂದ ಕಲಾವ್ಯಾಪಾರಿ ಹೈನ್ಸ್ ಬೆರ್ಗ್‌ಗ್ರ್ಯೂನ್ ಇನ್ನೂ 9 ಪ್ರತಿಗಳನ್ನು ಹೊರತಂದ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಪ್ಯಾರಿಸಿನ ಪಿಕಾಸೊ ಸಂಗ್ರಹಾಲಯಗಳಲ್ಲೂ ಇದರ ಪ್ರತಿಗಳಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಸಂಗ್ರಾಹಕ ಲೆನರ್ಡ್ ಲಾಡರ್ ತನ್ನ ಪ್ರತಿಯನ್ನು ಕೊಡುವುದಾಗಿ ಮಾತುಕೊಟ್ಟಿದ್ದರಿಂದ, ಅದು ತನ್ನಲ್ಲಿದ್ದ ಹಳೆಯ ಪ್ರತಿಯನ್ನು 2022ರ ಮೇ ತಿಂಗಳಲ್ಲಿ ಹರಾಜಿಗಿಟ್ಟಿತು. ಬಂದ ಬೆಲೆ 4.8 ಕೋಟಿ ಡಾಲರಿಗೂ ಮೇಲೆ.

ಷಿಕಾಗೊ ಪ್ರತಿಯನ್ನು ವೊಲಾರ್‌ನಿಂದ ಕೊಂಡವನು ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್. ಇದರ ಛಾಯಾಚಿತ್ರಗಳನ್ನು ಆತ 1912ರ ಆಗಸ್ಟಿನಲ್ಲಿ ತನ್ನ 'ಕ್ಯಾಮೆರಾ ವರ್ಕ್' ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಅಚ್ಚುಹಾಕಿದ. ಚಿತ್ರಕಾರ ಮತಿಸ್ ಮತ್ತು ಪಿಕಾಸೊ ಕುರಿತ ಲೇಖಕಿ ಗರ್ಟ್ರೂಡ್ ಸ್ಟೈನ್ ಬರಹಗಳು ಬೆಳಕು ಕಂಡದ್ದೂ ಅದೇ ಸಂಚಿಕೆಯಲ್ಲಿ. 1913ರಲ್ಲಿ ನ್ಯೂಯಾರ್ಕಿನ ಆರ್ಮರಿ ಪ್ರದರ್ಶನಕ್ಕೆ ಶಿಲ್ಪವನ್ನೇ ಕಳಿಸಿದ. ಅವನು 1946ರಲ್ಲಿ ತೀರಿಕೊಂಡ ಬಳಿಕ ಪತ್ನಿ, ಚಿತ್ರಕಲಾವಿದೆ ಜಾರ್ಜಿಯಾ ಒಕೀಫ್, ಅವನ ಸಂಗ್ರಹವನ್ನು ಹಲವು ಸಂಸ್ಥೆಗಳಿಗೆ ಹಂಚಿದಳು. ಈ ತಲೆ ಷಿಕಾಗೊ ಸೇರಿದ್ದು 1949ರಲ್ಲಿ.

ಯೂರೋಪಿನಲ್ಲಿ ಇದರ ಪ್ರಭಾವ ಬೇಗ ಹರಡಿತು. ಪ್ರಾಗ್ ನಗರದ ಕಲಾ ಇತಿಹಾಸಕಾರ ವಿನ್ಸೆಂಟ್ಸ್ ಕ್ರಮಾರ್ಜ್ 1911ರಲ್ಲೇ ಒಂದು ಪ್ರತಿ ಕೊಂಡ. ಈಗ ಅದು ಅಲ್ಲಿನ ರಾಷ್ಟ್ರೀಯ ಗ್ಯಾಲರಿಯ ಸ್ವತ್ತು. ಚೆಕ್ ಶಿಲ್ಪಿ ಒಟ್ಟೊ ಗುಟ್‌ಫ್ರೋಯಿಂಡ್‌ನ ಮುಖಗಳಲ್ಲಿ ಅದರ ಪಾಠ ಕಾಣುತ್ತದೆ. ಇಟಲಿಯ ಕಲಾವಿದ ಬೊಚ್ಚೋನಿ 1913ರಲ್ಲಿ ತನ್ನ ತಾಯಿಯ ತಲೆಯನ್ನು ಕೆತ್ತಿ ಒಡೆದಂತೆ ರೂಪಿಸಿದಾಗಲೂ ಹಿಂದೆ ಫರ್ನಾಂಡಳ ಮುಖವಿತ್ತು. ಪಿಕಾಸೊನಿಗೆ ಮಾತ್ರ ಇಷ್ಟು ಸಾಲಲಿಲ್ಲ. ಮೇಲ್ಮೈ ಎಷ್ಟು ಒಡೆದರೂ ಈ ತಲೆಯ ಒಳತಿರುಳು ಗಟ್ಟಿಯಾಗಿಯೇ ಉಳಿದಿತ್ತು. ಆ ತಿರುಳನ್ನು ತೆಗೆದುಹಾಕಿ ಶೂನ್ಯವನ್ನೇ ಶಿಲ್ಪದ ಭಾಗವಾಗಿಸಿದ್ದು 1912ರಲ್ಲಿ, ರಟ್ಟಿನಿಂದ ಮಾಡಿದ ಗಿಟಾರ್‌ನಲ್ಲಿ.

ಫರ್ನಾಂಡ್ ತನ್ನ ಆ ದಿನಗಳ ನೆನಪುಗಳನ್ನು 1933ರಲ್ಲಿ ಫ್ರೆಂಚಿನಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಉಳಿದ ಖಾಸಗಿ ಬರಹ ಹೊರಬಂದದ್ದು ಅವಳು ತೀರಿಕೊಂಡು 22 ವರ್ಷಗಳ ಮೇಲೆ, 1988ರಲ್ಲಿ.

ಪ್ಲಾಸ್ಟರ್ ಮೂಲಗಳು ಎರಡು ಉಳಿದಿವೆ. ಅವುಗಳಲ್ಲೊಂದು ಅಮೆರಿಕದ ಡಲ್ಲಾಸ್ ನಗರದ ನ್ಯಾಷರ್ ಶಿಲ್ಪಕೇಂದ್ರದಲ್ಲಿದೆ. ಕಂಚಿನ ಕಪ್ಪು ಹೊಳಪು ಅದರ ಮೇಲಿಲ್ಲದ್ದರಿಂದ ಅಲಗು ಎಲ್ಲಿ ಇಳಿಯಿತು, ಎಲ್ಲಿ ತಿರುಗಿತು ಎಂಬುದನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು.