ಬ್ಯಾಕ್ಟೀರಿಯಾ ಬೆರೆಸಿದ ಕಾಂಕ್ರೀಟ್ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆಯೇ? ಇಲ್ಲಿದೆ ಸತ್ಯಾಂಶ

‘ಬ್ಯಾಕ್ಟೀರಿಯಾ ಕಾಂಕ್ರೀಟ್ ಬಂದಿದೆ, ಇನ್ನು ಮನೆ ಬಿರುಕು ಬಿಟ್ಟರೂ ರಿಪೇರಿ ಬೇಡ’ ಎಂಬರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಯಾರು ಕಂಡುಹಿಡಿದದ್ದು?

ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಹೆಂಕ್ ಯೊಂಕರ್ಸ್ ಮತ್ತು ಸಂಗಡಿಗರು ಈ ಕಾಂಕ್ರೀಟನ್ನು ರೂಪಿಸಿದರು. ಇದಕ್ಕಾಗಿ ಯೊಂಕರ್ಸ್ 2015ರಲ್ಲಿ ಯುರೋಪಿಯನ್ ಇನ್ವೆಂಟರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಆಯ್ಕೆಯಾಗಿದ್ದರು.

ಹೇಗೆ ಕೆಲಸ ಮಾಡುತ್ತದೆ?

ಕಾಂಕ್ರೀಟಿನ ಒಳಗೆ ಕ್ಷಾರ ಬಹಳ ಹೆಚ್ಚು. ಅಲ್ಲಿ ಸಾಮಾನ್ಯ ಸೂಕ್ಷ್ಮಜೀವಿಗಳು ಬದುಕಲಾರವು. ಆದ್ದರಿಂದ ಕ್ಷಾರವನ್ನು ತಡೆದುಕೊಳ್ಳುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳನ್ನು ಆರಿಸಲಾಯಿತು. ಇವು ನೀರು, ಆಹಾರ ಇಲ್ಲದಿದ್ದಾಗ ಗಟ್ಟಿ ಕವಚದ ಬೀಜಾಣುಗಳಾಗಿ ಹಲವು ದಶಕ ನಿದ್ರಿಸಬಲ್ಲವು. ಇವುಗಳ ಜೊತೆಗೆ ಆಹಾರವಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಲವಣವನ್ನೂ ಕಾಂಕ್ರೀಟಿಗೆ ಸೇರಿಸುತ್ತಾರೆ.

ಬಿರುಕು ಬಿಟ್ಟು ನೀರು ಒಳನುಗ್ಗಿದಾಗ ಬೀಜಾಣುಗಳು ಎಚ್ಚರಗೊಳ್ಳುತ್ತವೆ. ಆಮ್ಲಜನಕ ಬಳಸಿಕೊಂಡು ಲವಣವನ್ನು ತಿಂದು ಸುಣ್ಣದ ಕಲ್ಲನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು ಉಂಟುಮಾಡುತ್ತವೆ. ಅದೇ ಬಿರುಕನ್ನು ತುಂಬುತ್ತದೆ. ನೀರು ಒಳಗಿನ ಕಬ್ಬಿಣದ ಕಂಬಿಗೆ ತಲುಪಿ ತುಕ್ಕು ಹಿಡಿಸುವುದನ್ನು ತಡೆಯುವುದೇ ಇದರ ಮುಖ್ಯ ಉಪಯೋಗ.

ಎಷ್ಟು ದೊಡ್ಡ ಬಿರುಕು ಮುಚ್ಚುತ್ತದೆ?

ಸಂದೇಶಗಳು ಹೇಳದ ಮಾತು ಇದು. 2011ರಲ್ಲಿ ಪ್ರಕಟವಾದ ಡೆಲ್ಫ್ಟ್ ಪ್ರಯೋಗದಲ್ಲಿ ಮಾದರಿಗಳನ್ನು 100 ದಿನ ನೀರಿನಲ್ಲಿ ಮುಳುಗಿಸಿಟ್ಟಾಗ ಮುಚ್ಚಿದ್ದು 0.46 ಮಿಲಿಮೀಟರ್ ಅಗಲದವರೆಗಿನ ಬಿರುಕುಗಳು. ಬ್ಯಾಕ್ಟೀರಿಯಾ ಇಲ್ಲದ ಮಾದರಿಯಲ್ಲೂ 0.18 ಮಿಲಿಮೀಟರ್‌ವರೆಗಿನ ಬಿರುಕುಗಳು ತಾವೇ ಮುಚ್ಚಿಕೊಂಡಿದ್ದವು. ಅಂದರೆ ಇದು ಕೂದಲೆಳೆಯಂಥ ಬಿರುಕಿಗೆ ಮದ್ದು, ಬೆರಳು ತೂರುವ ಬಿರುಕಿಗಲ್ಲ.

ಬೆಂಗಳೂರಿನಲ್ಲೂ ನಡೆದಿದೆ ಪ್ರಯೋಗ

ಸುಣ್ಣದ ಕಲ್ಲು ಮಾಡುವ ಬ್ಯಾಕ್ಟೀರಿಯಾ ಬಳಸಿ, ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ಮಾಡಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ಸಂಶೋಧಕರು 2020ರಲ್ಲಿ ತೋರಿಸಿದರು. ಅದರಲ್ಲಿ ಯೂರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಬಳಸಲಾಗಿತ್ತು.

ಹಾಗಾದರೆ ನಮ್ಮ ಮನೆಯ ಬಿರುಕು?

ಹಳೆಯ ಮನೆಯ ಕಾಂಕ್ರೀಟಿನಲ್ಲಿ ಈ ಬೀಜಾಣುಗಳಿಲ್ಲ. ಆದ್ದರಿಂದ ಅದು ತಾನೇ ವಾಸಿಯಾದೀತು ಎಂದು ಕಾಯಬೇಡಿ. ಬಿರುಕು ಕಂಬ ಅಥವಾ ತೊಲೆಯಲ್ಲಿದ್ದರೆ, ದಿನೇ ದಿನೇ ಅಗಲವಾಗುತ್ತಿದ್ದರೆ, ತುಕ್ಕಿನ ಕಲೆ ಕಂಡರೆ ಅಥವಾ ಕಾಂಕ್ರೀಟ್ ಉದುರುತ್ತಿದ್ದರೆ ಮೇಲೆ ಗಾರೆ ಮೆತ್ತಿ ಸುಮ್ಮನಾಗದೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ತೀರ್ಮಾನ: ಸ್ವಯಂ ದುರಸ್ತಿ ಕಾಂಕ್ರೀಟ್ ನಿಜ. ‘ರಿಪೇರಿಯೇ ಬೇಡ’ ಎಂಬುದು ಸುಳ್ಳು. ಮುಂದಿನ ಸಲ ಆ ಸಂದೇಶ ಬಂದರೆ, ಈ ಎರಡನೆಯ ಮಾತನ್ನೂ ಸೇರಿಸಿ ಕಳಿಸಿ.