ಉಳಿದುಕೊಂಡ ಧೂಳು

ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚುವಾಗ ನಾವು ಮಣ್ಣೆಂಬುದನ್ನು ಧರ್ಮಸಭೆ ನೆನಪಿಸುತ್ತದೆ. ಆದರೆ ಆ ಮಣ್ಣಾದರೂ ಎಲ್ಲಿಂದ ಬಂತು? ವಿಜ್ಞಾನಿಗಳನ್ನು ಇಂದಿಗೂ ಕಾಡುತ್ತಿರುವ ಪ್ರಶ್ನೆಯಿದು.

ಪಾಲ್ ಡಿರಾಕ್ 1928ರಲ್ಲಿ ರಚಿಸಿದ ಸಮೀಕರಣದಿಂದ, ಇಲೆಕ್ಟ್ರಾನಿಗೆ ವಿರುದ್ಧ ವಿದ್ಯುದಾವೇಶದ ಪ್ರತಿಕಣವೊಂದು ಇರಬೇಕೆಂಬ ಊಹೆ ಮೂಡಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ಅದನ್ನು ಕಂಡುಹಿಡಿದರು. ದ್ರವ್ಯವೂ ಪ್ರತಿದ್ರವ್ಯವೂ ಸಂಧಿಸಿದರೆ ಎರಡೂ ಅಳಿದು ಬೆಳಕಾಗುತ್ತವೆ. ಆದಿಯಲ್ಲಿ ಅವೆರಡೂ ಸರಿಸಮವಾಗಿದ್ದಿದ್ದರೆ ನಕ್ಷತ್ರಗಳಾಗಲಿ ನಾವಾಗಲಿ ಇರುತ್ತಿರಲಿಲ್ಲ. ಸುಮಾರು ನೂರು ಕೋಟಿ ಜೋಡಿಗಳು ಅಳಿದಲ್ಲಿ ಒಂದೇ ಒಂದು ದ್ರವ್ಯಕಣ ಉಳಿಯಿತು. ಆ ಉಳಿಕೆಯೇ ಈ ಜಗತ್ತು.

ನಿಸರ್ಗದ ನಿಯಮಗಳು ದ್ರವ್ಯ-ಪ್ರತಿದ್ರವ್ಯಗಳ ನಡುವೆ ಅತ್ಯಲ್ಪ ಭೇದ ಮಾಡುವುದನ್ನು 1964ರಲ್ಲಿ ಅಮೆರಿಕದ ಕ್ರೋನಿನ್ ಮತ್ತು ಫಿಚ್ ಪ್ರಯೋಗದಲ್ಲಿ ಕಂಡರು. ಇಂಥ ಭೇದವಿಲ್ಲದೆ ದ್ರವ್ಯ ಉಳಿಯಲಾರದೆಂದು 1967ರಲ್ಲಿ ರಷ್ಯಾದ ಆಂದ್ರೇ ಸಖರೋವ್ ತೋರಿಸಿದರು. 1981ರಲ್ಲಿ ಅಲನ್ ಗೂಥ್ ಹೊಸದೊಂದು ವಿಚಾರವನ್ನು ಮುಂದಿಟ್ಟರು: ವಿಶ್ವವು ಆದಿಯ ಕ್ಷಣದ ಅತ್ಯಲ್ಪ ಅಂಶದಲ್ಲೇ ಊಹೆಗೆ ಮೀರಿ ಹಿಗ್ಗಿತು. ಹಾಗಾದರೆ ಅದಕ್ಕೆ ಮೊದಲಿದ್ದುದೆಲ್ಲ ಕೆರೆಗೆ ಸುರಿದ ಲೋಟ ಹಾಲಿನಂತೆ ಇಲ್ಲವಾಗಿಬಿಟ್ಟಿರಬೇಕು. ನಮ್ಮ ಮಣ್ಣು ಆ ಹಿಗ್ಗಿನ ತರುವಾಯವೇ ಹುಟ್ಟಿರಬೇಕು.

ಹೇಗೆ? ಪ್ರತಿಯೊಂದು ಬಗೆಯ ಕಣಕ್ಕೂ ಜೊತೆಗಾರನೊಂದು ಉಂಟೆನ್ನುವ ‘ಅತಿಸಮಮಿತಿ’ ಸಿದ್ಧಾಂತವನ್ನು ಆಧರಿಸಿ ಆಫ್ಲೆಕ್ ಮತ್ತು ಡೈನ್ 1985ರಲ್ಲಿ ಒಂದು ಉತ್ತರ ಕೊಟ್ಟರು. ಅಂಥ ಜೊತೆಗಾರ ಕಣಗಳ ಕ್ಷೇತ್ರಗಳು ಆದಿಯಲ್ಲಿ ತೂಗಾಡುತ್ತಾ ಒಂದು ಕಡೆಗೆ ವಾಲಿದ್ದರಿಂದ ದ್ರವ್ಯ ಹೆಚ್ಚಾಯಿತೆಂಬುದು ಅವರ ವಾದ. ಸುಂದರವಾದ ವಾದ. ಆದರೆ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಮಹಾಯಂತ್ರದಲ್ಲಿ 2010ರಿಂದ ಹುಡುಕಿದರೂ ಅಂಥ ಒಂದು ಕಣವೂ ಸಿಕ್ಕಿಲ್ಲ. ಪ್ರೋಟಾನಿನ ಕುಲಕ್ಕೆ ಸೇರಿದ ಕಣಗಳಲ್ಲೂ ಆ ಭೇದವಿರುವುದನ್ನು 2025ರಲ್ಲಿ ಅಲ್ಲಿಯ ವಿಜ್ಞಾನಿಗಳು ಪ್ರಕಟಿಸಿದರು. ಆದರೂ ಈವರೆಗೆ ತಿಳಿದಿರುವ ಭೇದವೆಲ್ಲ ಸೇರಿದರೂ ಉತ್ತರಕ್ಕೆ ಸಾಲದು.

ಹಾಗಾದರೆ ಖಾಲಿ ಉಳಿದ ಆ ಜಾಗದಲ್ಲಿ ದೇವರನ್ನು ಕೂರಿಸಿಬಿಡೋಣವೇ? ಬೇಡ. ಈ ಎಚ್ಚರವನ್ನು ನಮಗೆ ಕಲಿಸಿದವರು ಒಬ್ಬ ಯಾಜಕರೇ. ವಿಶ್ವವು ಒಂದು ಆದಿಕಣದಿಂದ ವಿಕಾಸಗೊಂಡಿತೆಂದು 1931ರಲ್ಲಿ ಸೂಚಿಸಿದ ಬೆಲ್ಜಿಯಂನ ಗುರು ಜಾರ್ಜ್ ಲಮೇತ್ರ್ ಅವರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು, ಹೊಸ ವಿಜ್ಞಾನ ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆಯೆಂಬ ಅರ್ಥದಲ್ಲಿ ಮಾತನಾಡಿದಾಗ ಲಮೇತ್ರ್ ಸಂತೋಷಪಡಲಿಲ್ಲ, ಕಳವಳಗೊಂಡರು. ಸಿದ್ಧಾಂತಗಳು ನಾಳೆ ಬದಲಾಗಬಹುದು. ವಿಶ್ವಾಸವನ್ನು ಅವುಗಳ ಮೇಲೆ ಕಟ್ಟಬಾರದು.

ನಾಳೆ ವಿಜ್ಞಾನಿಗಳು ಉತ್ತರ ಕಂಡುಕೊಂಡರೆ ನಮ್ಮ ದೇವರು ಚಿಕ್ಕವರಾಗುವುದಿಲ್ಲ. ನಿಮ್ಮ ಮಕ್ಕಳು ಈ ಪ್ರಶ್ನೆ ಕೇಳಿದರೆ ಗದರಿಸಬೇಡಿ. ಅವರೊಡನೆ ಕುಳಿತು ಬೆರಗುಪಡಿ. ಮುಂದಿನ ವಿಭೂತಿ ಬುಧವಾರದಂದು ಹಣೆಯ ಬೂದಿಯನ್ನು ಮುಟ್ಟಿ ನೋಡಿಕೊಳ್ಳಿ: ಎಲ್ಲವೂ ಬೆಳಕಾಗಿ ಅಳಿದಾಗ ಉಳಿದುಕೊಂಡ ಧೂಳು ಅದು.