ಸತ್ತ ದನ ನಮ್ಮ ಹೆಗಲಿಗೆ, ಪರಿಹಾರ ಯಾರ ಹೆಸರಿಗೆ?



ಮಳೆಗಾಲ ಬಂತು ಅಂದ್ರೆ ದನ ಕೊಚ್ಚಿಹೋದ, ಕೊಟ್ಟಿಗೆ ಕುಸಿದ ಸುದ್ದಿ ಬರುತ್ತೆ. ಹಿಂದೆಯೇ "ಸರ್ಕಾರ ಪರಿಹಾರ ಕೊಡುತ್ತೆ" ಅನ್ನೋ ಮಾತೂ ಬರುತ್ತೆ. ನಾನು ಗುಮಾಸ್ತ. ಯಾವ ಕಡತ ತೆಗೆದರೂ ಮೊದಲು ನೋಡೋದು ಅರ್ಜಿದಾರ ಯಾರು ಅಂತ. ಪರಿಹಾರದ ಚರಿತ್ರೆಯನ್ನೂ ಹಾಗೇ ನೋಡೋಣ.

1876-78ರ ಧಾತು ಈಶ್ವರ ಬರ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದರು. ಮೇವು ನೀರಿಲ್ಲದೆ ದನಗಳೂ ಸತ್ತವು. ಆಮೇಲೆ ಬ್ರಿಟಿಷರು ಕ್ಷಾಮ ಆಯೋಗ ಮಾಡಿದರು, ತಮ್ಮ ಆಳ್ವಿಕೆಯ ಸೀಮೆಗೆ 1884ರಲ್ಲಿ ರೈತರ ಸಾಲದ ಕಾಯ್ದೆ ತಂದರು. ಜನ ತಗಾವಿ ಅಂತಿದ್ದದ್ದು ಇಂಥ ಸಾಲಕ್ಕೇ. ಬೀಜಕ್ಕೆ, ದನ ಕೊಳ್ಳೋಕೆ ಸಾಲ. ಯಾರಿಗೆ? ಉಳುವ ಭೂಮಿಯ ಒಡೆಯರಿಗೆ, ಅದರ ಅನುಭವದಾರರಿಗೆ. ಭೂಮಿ ಇಲ್ಲದ ನಮ್ಮ ಹಿರಿಯರಿಗೆ ಉಳಿದದ್ದು ಬರಗಾಲದ ಕಾಮಗಾರಿಯ ಕೂಲಿ.

ಆದರೆ ದನ ನೋಡ್ಕೊಂಡವರು ಯಾರು? ಜೀತಕ್ಕಿದ್ದ ನಮ್ಮ ಹುಡುಗರು. ಜೀತ ರದ್ದತಿಯ ಕಾಯ್ದೆ ಬಂದಿದ್ದೇ 1976ರಲ್ಲಿ. ದನ ಸತ್ತರೆ ಊರಾಚೆ ಹೊತ್ತು ಹಾಕೋದೂ ನಮಗೇ ಕಟ್ಟಿದ ಬಿಟ್ಟಿ ಚಾಕರಿ. 1927ರಲ್ಲಿ ಬಾಬಾಸಾಹೇಬರು ಮಹಾಡ್‌ನಲ್ಲಿ ಸತ್ತ ದನದ ಮಾಂಸ ಬಿಡಿ ಅಂತ ಕರೆಕೊಟ್ಟಿದ್ದು ಈ ನೊಗ ಕಳಚೋಕೆ. ಹೊರೋ ಹೆಗಲು ನಮ್ಮದು, ದನ ಮಾತ್ರ ಬೇರೆಯವರ ಲೆಕ್ಕದಲ್ಲಿ.

ಈಗ ಬನ್ನಿ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು, 2010ರಿಂದ ರಾಜ್ಯ ವಿಪತ್ತು ಪರಿಹಾರ ನಿಧಿ. 2022-26ರ ಕೇಂದ್ರದ ಮಾರ್ಗಸೂಚಿಯಂತೆ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000. ಕೋಳಿಗೆ 100, ಒಂದು ಮನೆಗೆ 10,000 ದಾಟೋ ಹಾಗಿಲ್ಲ. ಹಾಲು ಕೊಡೋ ದೊಡ್ಡ ಪ್ರಾಣಿ ಆದ್ರೆ ಒಂದು ಕುಟುಂಬಕ್ಕೆ 3, ಸಣ್ಣವಾದ್ರೆ 30ರವರೆಗೆ. ಗಮನಿಸಿ, ಇಲ್ಲಿ ಲೆಕ್ಕ ಎಕರೆಗಲ್ಲ, ಸತ್ತ ಪ್ರಾಣಿಗೆ. 1884ರಿಂದ ಇಲ್ಲಿಗೆ ಬಂದಿದ್ದು ಸಣ್ಣ ದಾರಿಯಲ್ಲ.

ಆದ್ರೂ ಒಂದು ಗಂಟು ಬಿಚ್ಚಿಲ್ಲ. ಕೇರಿಯಲ್ಲಿ ಎಷ್ಟೋ ಹಸು, ಮೇಕೆ ಪಾಲಿಗೆ ಸಾಕಿದವು. ಒಡೆಯ ಒಬ್ಬ, ಮೇಯಿಸಿ ಸಗಣಿ ಬಾಚೋರು ನಮ್ಮ ಅಕ್ಕಂದಿರು. ಹಸು ನೀರುಪಾಲಾದ್ರೆ ದುಡ್ಡು ಒಡೆಯನ ಖಾತೆಗೆ. ಮೂರು ವರ್ಷ ಸಾಕಿದವಳ ಪಾಲಿನ ಕರು? ಅವಳ ದುಡಿಮೆ? ಅದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

ಅದಕ್ಕೇ ಹೇಳೋದು. ನಿಮ್ಮ ಪ್ರಾಣಿಗೆ ಕಿವಿಗೆ ಹಾಕೋ 12 ಅಂಕಿಯ ಟ್ಯಾಗ್ ನಿಮ್ಮ ಹೆಸರಿನಲ್ಲೇ ಮಾಡಿಸಿ, ಸಾಕೋಳು ಅಕ್ಕ ಆದ್ರೆ ಅಕ್ಕನ ಹೆಸರಲ್ಲೇ. ಪ್ರಾಣಿ ಸತ್ತರೆ ಹೂಳೋ ಮೊದಲು ಫೋಟೋ ತೆಗೀರಿ, ಪಶುವೈದ್ಯರನ್ನ, ಗ್ರಾಮ ಆಡಳಿತಾಧಿಕಾರಿಯನ್ನ ಕರೆಸಿ, ಪಂಚನಾಮೆ ಬರೆಸಿ. ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ. ಪಾಲಿಗೆ ಸಾಕೋರಿಗೂ ಪರಿಹಾರದಲ್ಲಿ ಪಾಲು ಬೇಕು ಅಂತ ಈ ಸಲದ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಬಾಯಿಮಾತು ಕಡತಕ್ಕೆ ಹತ್ತೋಲ್ಲ, ಬರೆದಿದ್ದು ಹತ್ತುತ್ತೆ.

ಜೈ ಭೀಮ್.